ಪೇಜ್‌ಮೇಕರ್ ಅಳಿಸದ ಅಂಗಡಿಗಳು

ವಿನ್ಯಾಸದ ತಂತ್ರಾಂಶ ಹೊಸದು ಬಂದರೂ ಹಳೆಯದನ್ನು ತೆಗೆಯದೆ ಎರಡನ್ನೂ ನಡೆಸಿಕೊಂಡು ಹೋಗುವುದು ಕನ್ನಡ ಡಿಟಿಪಿ ಅಂಗಡಿಗಳ ರೂಢಿ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿನ ಮೂರು ತಾಲ್ಲೂಕು ಕೇಂದ್ರಗಳು. ಇಂಥ ಊರುಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಕ್ಕಿ ಗಿರಣಿಯ ಬಿಲ್ ಬುಕ್ಕು, ಹುಟ್ಟುಹಬ್ಬದ ಫ್ಲೆಕ್ಸು ಎಲ್ಲವೂ ಒಂದೇ ಮೇಜಿನಲ್ಲಿ ತಯಾರಾಗುತ್ತವೆ. ಕಂಪ್ಯೂಟರಿನಲ್ಲಿ ಹೊಸ ಕೋರಲ್‌ಡ್ರಾ ಇದ್ದರೂ ಅದರ ಜೊತೆಗೆ 2001ರ ಪೇಜ್‌ಮೇಕರ್ 7.0, 2002ರ ಫೋಟೋಶಾಪ್ 7.0, ಕನ್ನಡ ಟೈಪಿಂಗಿನ ತಂತ್ರಾಂಶ ‘ನುಡಿ’ಯ ಹಳೆಯ ಆವೃತ್ತಿ ಇರುವುದು ಅಪರೂಪವಲ್ಲ. ಇದನ್ನು ಬದಲಾಗಲೊಲ್ಲದವರ ಹಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಹಳೆಯದನ್ನು ಉಳಿಸಿಕೊಳ್ಳುವುದರಲ್ಲಿ ಸರಿಯಾದ ಲೆಕ್ಕಾಚಾರವೇ ಇದೆ. ಎಡವಟ್ಟಾಗುವುದು ಉಳಿಸಿಕೊಂಡದ್ದನ್ನು ಬಳಸುವ ರೀತಿಯಲ್ಲಿ.

ಈ ಕಸುಬಿನಲ್ಲಿ ಒಮ್ಮೆ ಮಾಡಿದ ಕೆಲಸ ಮತ್ತೆ ಬಾಗಿಲಿಗೆ ಬರುತ್ತದೆ. ಅಣ್ಣನ ಲಗ್ನಪತ್ರಿಕೆ ಮಾಡಿಸಿದ ಮನೆಯವರು ತಂಗಿಯ ಮದುವೆಗೂ ಅಲ್ಲಿಗೇ ಬರುತ್ತಾರೆ. ‘ಆಮಂತ್ರಿಸುವವರು’ ಪಟ್ಟಿಯಲ್ಲಿ ಒಂದಿಬ್ಬರ ಹೆಸರಿನ ಹಿಂದೆ ‘ದಿವಂಗತ’ ಸೇರುತ್ತದೆ, ಕೆಲವು ಹೊಸ ಹೆಸರು ಬರುತ್ತವೆ, ಉಳಿದದ್ದು ಹಾಗೇ. ಗಿರಣಿಯ ಬಿಲ್ ಬುಕ್ಕಿಗೆ ಕ್ರಮಸಂಖ್ಯೆ ಬದಲಾದರೆ ಸಾಕು. ಹಳೆಯ ಫೈಲು ತೆರೆದುಕೊಂಡರೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ, ತೆರೆಯದಿದ್ದರೆ ಅರ್ಧ ದಿನ ಹಿಡಿಯುತ್ತದೆ.

ಆಲ್ಡಸ್ ಕಂಪನಿ ಪೇಜ್‌ಮೇಕರನ್ನು ಹೊರತಂದದ್ದು 1985ರಲ್ಲಿ. 1994ರಲ್ಲಿ ಆಲ್ಡಸ್ ಅಡೋಬಿಯ ಕೈಸೇರಿತು, 1999ರಲ್ಲಿ ಅಡೋಬಿಯ ಹೊಸ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ ಬಂತು. ಆಮೇಲೆ ಬಂದ 7.0 ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ. ಹಳೆಯದನ್ನು ಬಿಟ್ಟು ಬರುವವರಿಗೆ ಅಡೋಬಿ ಒಂದು ಸೇತುವೆಯನ್ನೂ ಕೊಟ್ಟಿತ್ತು. 2012ರ ಸಿಎಸ್6ರವರೆಗಿನ ಇನ್‌ಡಿಸೈನ್ ಆವೃತ್ತಿಗಳು ಪೇಜ್‌ಮೇಕರ್ 6.0 ಮತ್ತು ಅದರ ನಂತರದ ಫೈಲುಗಳನ್ನು ನೇರವಾಗಿ ತೆರೆಯುತ್ತಿದ್ದವು. 2013ರಲ್ಲಿ ಶುರುವಾದ ಚಂದಾ ಮಾದರಿಯ ಸಿಸಿ ಆವೃತ್ತಿಗಳಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಹಳೆಯ ಫೈಲು ಮೊದಲು ಸಿಎಸ್6ಗೆ ಬಂದು, ಅಲ್ಲಿ ಇನ್‌ಡಿಸೈನ್ ಫೈಲಾಗಿ, ಆಮೇಲೆ ಹೊಸದಕ್ಕೆ ಹೋಗಬೇಕು. ಅಂಗಡಿಯವರು ತೀರಾ ಹಳೆಯದನ್ನೂ ತೀರಾ ಹೊಸದನ್ನೂ ಇಟ್ಟುಕೊಂಡು ಈ ನಡುವಿನ ಆವೃತ್ತಿಯನ್ನೇ ಅಳಿಸಿರುತ್ತಾರೆ. ಸಿಎಸ್6 ಈಗ ಮಾರಾಟಕ್ಕಿಲ್ಲ. ಹಿಂದೆ ದುಡ್ಡು ಕೊಟ್ಟು ಕೊಂಡವರ ಪೆಟ್ಟಿಗೆಯಲ್ಲಿ ಡಿಸ್ಕು ಇದ್ದರೆ ಅದು ಜೋಪಾನ ಮಾಡಬೇಕಾದ ವಸ್ತು.

ಕನ್ನಡದ ಮಟ್ಟಿಗೆ ತಂತ್ರಾಂಶಕ್ಕಿಂತ ದೊಡ್ಡ ಗಂಟು ಫಾಂಟಿನದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ನುಡಿಯ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ತೆರೆದರೆ ಕಾಣುವುದು ಇಂಗ್ಲಿಷಿನ ‘ಪಿ’, ಬ್ರಿಟನ್ನಿನ ಪೌಂಡ್ ಗುರುತು, ಜರ್ಮನ್ನರ ಜೋಡಿ ‘ಎಸ್’, ನಡುನಡುವೆ ತಲೆಯ ಮೇಲೆ ಗೀಟು ಹೊತ್ತ ‘ಎ’. ಪೇಜ್‌ಮೇಕರ್ ಉಳಿದು ಫಾಂಟು ಹೋದರೆ ಉಳಿದದ್ದು ಏನೂ ಇಲ್ಲ. ಇಷ್ಟಾಗಿಯೂ ತಂತ್ರಾಂಶದ ಪ್ರತಿಯನ್ನು ಮೂರು ಪೆನ್‌ಡ್ರೈವಿನಲ್ಲಿ ಇಡುವವರು ಫಾಂಟು ಫೋಲ್ಡರನ್ನು ಒಂದರಲ್ಲೂ ಇಟ್ಟಿರುವುದಿಲ್ಲ. ಎಲ್ಲ ಫಾಂಟುಗಳ ಜೋಡಣೆ ಒಂದೇ ಅಲ್ಲದಿರುವುದರಿಂದ, ಯಾವ ಫೈಲಿಗೆ ಯಾವ ಫಾಂಟು ಎಂಬುದನ್ನೂ ಬರೆದಿಡದಿದ್ದರೆ ಪರದಾಟ ತಪ್ಪಿದ್ದಲ್ಲ.

ಕೋರಲ್‌ಡ್ರಾದ ಬುದ್ಧಿ ಸ್ವಲ್ಪ ಬೇರೆ. ಹೊಸದರಲ್ಲಿ ಮಾಡಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ, ಆದರೆ ಉಳಿಸುವಾಗಲೇ ಹಿಂದಿನ ಆವೃತ್ತಿಯನ್ನು ಆರಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಫ್ಲೆಕ್ಸ್ ಮುದ್ರಿಸುವವರ ಯಂತ್ರದಲ್ಲಿ ಯಾವ ಆವೃತ್ತಿ ಇದೆಯೋ ಅದಕ್ಕೆ ಇಳಿಸಿ ಕಳಿಸುವುದು ಹೀಗೆ ಸಾಧ್ಯವಾಗಿದೆ. ಅಷ್ಟಕ್ಕೂ ನಂಬಿಕೆ ಸಾಲದವರು ಅಕ್ಷರಗಳನ್ನು ‘ಕರ್ವ್’ ಮಾಡಿಬಿಡುತ್ತಾರೆ. ಆಗ ಅಕ್ಷರ ಬರೀ ಚಿತ್ರವಾಗಿ, ಫಾಂಟಿನ ಹಂಗೇ ಹೋಗುತ್ತದೆ. ಮುದ್ರಣಕ್ಕೆ ಇದು ಒಳ್ಳೆಯ ಉಪಾಯ, ಸಂಗ್ರಹಕ್ಕೆ ಕೆಟ್ಟದ್ದು. ಜಾತ್ರೆಯ ದಿನಾಂಕ ಮುಂದಕ್ಕೆ ಹೋದರೆ ಕರ್ವ್ ಮಾಡಿದ ಕರಪತ್ರದಲ್ಲಿ ತಿದ್ದಲು ಅಕ್ಷರವೇ ಇರುವುದಿಲ್ಲ, ಆ ಸಾಲನ್ನು ಹೊಸದಾಗಿ ಟೈಪ್ ಮಾಡಿ ಕೂರಿಸಬೇಕು. ಕರ್ವ್ ಮಾಡಿದ ಪ್ರತಿಯೊಂದಿಗೆ ಮಾಡದ ಪ್ರತಿಯನ್ನೂ ಇಡುವ ಶಿಸ್ತು ಇದ್ದಲ್ಲಿ ಮಾತ್ರ ಈ ಪದ್ಧತಿಗೆ ಬೆಲೆ.

ಎರಡು ಆವೃತ್ತಿಗಳನ್ನು ಜೊತೆಗಿಡಲು ತಯಾರಕರು ಎಷ್ಟು ಸಹಕರಿಸುತ್ತಾರೆ ಎಂಬುದೂ ಮುಖ್ಯ. 3ಡಿ ವಿನ್ಯಾಸದ ತಂತ್ರಾಂಶವಾದ ಬ್ಲೆಂಡರಿನ ಬೇರೆ ಬೇರೆ ಆವೃತ್ತಿಗಳು ತಮ್ಮ ಸೆಟ್ಟಿಂಗುಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡು ಒಂದರ ತಂಟೆಗೆ ಒಂದು ಹೋಗುವುದಿಲ್ಲ. ಅಡೋಬಿಯಲ್ಲೂ ಎರಡು ವರ್ಷದ ಫೋಟೋಶಾಪ್ ಒಟ್ಟಿಗೆ ಇರಬಲ್ಲವು. ಆದರೆ ಅಪ್‌ಡೇಟ್ ಮಾಡುವಾಗ ಹಳೆಯದನ್ನು ತೆಗೆಯುವ ಆಯ್ಕೆ ಮೊದಲೇ ಟಿಕ್ ಆಗಿರುವುದುಂಟು. ನೋಡದೆ ಮುಂದೆ ಒತ್ತಿದರೆ ಹಳೆಯದು ಹೋಯಿತು. 2019ರಿಂದ ಚಂದಾದಾರರಿಗೆ ಈಗಿನದು ಮತ್ತು ಅದರ ಹಿಂದಿನ ಪ್ರಮುಖ ಆವೃತ್ತಿ ಮಾತ್ರ ಇಳಿಸಿಕೊಳ್ಳಲು ಸಿಗುತ್ತಿವೆ. ಇನ್ನು 2023ರಿಂದ ಹೊಸ ಇನ್‌ಡಿಸೈನ್ ಟೈಪ್ 1 ಬಗೆಯ ಫಾಂಟುಗಳನ್ನು ಗುರುತಿಸುವುದಿಲ್ಲ. ಬಳಕೆದಾರರ ಕಡೆಯಿಂದ ನೋಡಿದರೆ ಅಡೋಬಿಯದು ಮುಂದಕ್ಕೆ ತಳ್ಳುವ ವ್ಯವಸ್ಥೆಯೇ ಹೊರತು ಹಿಂದಿನದನ್ನು ಕಾಯುವ ವ್ಯವಸ್ಥೆ ಅಲ್ಲ.

ರೂಢಿಯ ನಿಜವಾದ ದೋಷ ಇರುವುದು ಹಳೆಯ ತಂತ್ರಾಂಶದಲ್ಲಿ ಹೊಸ ಕೆಲಸವನ್ನೂ ಮಾಡುತ್ತಾ ಹೋಗುವುದರಲ್ಲಿ. ಸಿಎಸ್6ನಿಂದಲೇ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿದರೆ, ಕನ್ನಡಕ್ಕೆ ಅದರದೇ ಸ್ಥಾನಗಳಿರುವ ಯುನಿಕೋಡಿನ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ನುಡಿಯಲ್ಲಿ ರೂಢಿಯಾದ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಯುನಿಕೋಡಿಗೂ ಒದಗುವುದರಿಂದ ಬೆರಳಿಗೆ ಹೊಸ ಪಾಠ ಬೇಕಿಲ್ಲ. ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು: ಲಗ್ನಪತ್ರಿಕೆಗೆ ಒಪ್ಪುವ ಬಳ್ಳಿಬಳ್ಳಿಯ ಶೀರ್ಷಿಕೆ ಅಕ್ಷರಗಳು ಹಳೆಯ ಫಾಂಟುಗಳಲ್ಲಿ ಇರುವಷ್ಟು ಯುನಿಕೋಡಿನಲ್ಲಿ ಇಲ್ಲ. ಬಾಲೂ ತಮ್ಮ, ಅನೇಕ್ ಕನ್ನಡದಂಥ ಯುನಿಕೋಡ್ ಫಾಂಟುಗಳು ಬಂದಿವೆ, ಅವು ಫ್ಲೆಕ್ಸಿಗೆ ಚೆನ್ನ. ‘ಶ್ರೀ ಗಣೇಶ ಪ್ರಸನ್ನ’ಕ್ಕೆ ಇನ್ನೂ ಹಳೆಯದೇ ಬೇಕಾಗುತ್ತದೆ. ಶೀರ್ಷಿಕೆ ಮಾತ್ರ ಹಳೆಯ ಫಾಂಟಿನಲ್ಲಿ, ಮ್ಯಾಟರೆಲ್ಲ ಯುನಿಕೋಡಿನಲ್ಲಿ ಎಂದು ಹಂಚಿಕೊಂಡರೆ ಇದಕ್ಕೂ ದಾರಿ ಇದೆ.

ಹಳೆಯ ಮ್ಯಾಟರನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ. ‘ಕರ್ನಾಟಕ’ದ ಅರ್ಕಾವತ್ತು ಹಳೆಯ ನುಡಿಯಲ್ಲಿ ‘ನಾ’ ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸುವಾಗ ಒತ್ತುಗಳು ಜಾಸ್ತಿಯಾದಲ್ಲಿ ತಪ್ಪಬಹುದು. ಬರೀ ಪಠ್ಯವನ್ನು ನಕಲು ಮಾಡಿ ಹಾಕಿದರೆ ಯಾವುದು ಯಾವ ಫಾಂಟಿನಲ್ಲಿತ್ತು ಎಂಬುದು ಅದಕ್ಕೆ ತಿಳಿಯದೆ, ನಡುವೆ ಇಂಗ್ಲಿಷಿನಲ್ಲಿದ್ದ ಬಿಎ, ಬಿಎಡ್ ಪದವಿಗಳು ಅರ್ಥವಿಲ್ಲದ ಕನ್ನಡವಾಗಿ ಬರುತ್ತವೆ. ಹಳೆಯ ಪೇಜ್‌ಮೇಕರಿನಿಂದ ತೆಗೆದ ಪ್ರಿಂಟೊಂದನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಪ್ರೂಫ್ ನೋಡುವವರೆಗೆ ಪೇಜ್‌ಮೇಕರ್ ಇರುವ ಕಂಪ್ಯೂಟರನ್ನು ಗುಜರಿಗೆ ಹಾಕುವಂತಿಲ್ಲ.