ಪಂಪನ ಬನವಾಸಿ

ಕ್ರಿ. ಶ. 941ರ ವಿಕ್ರಮಾರ್ಜುನವಿಜಯದ ಚತುರ್ಥಾಶ್ವಾಸದಲ್ಲಿ ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿಯನ್ನು ಕಾಣುವನಷ್ಟೆ. ವ್ಯಾಸಭಾರತದ ಅರ್ಜುನನೂ ಹನ್ನೆರಡು ವರ್ಷ ದೇಶಾಟನ ಮಾಡಿದವನೇ. ಆದರೆ ಆ ಯಾತ್ರೆಯಲ್ಲಿ ಬನವಾಸಿಯ ಮಾತಿಲ್ಲ. ಅದನ್ನು ತಂದಿರಿಸಿದವನು ಪಂಪ.

ಇಲ್ಲಿ ಸೂಕ್ಷ್ಮಮತಿಗಳಾದ ವಾಚಕರಿಗೆ ಒಂದು ಶಂಕೆ ಹುಟ್ಟದಿರದು. ಅರ್ಜುನನು ಆ ನಾಡಿಗೆ ಹೊಸಬ. ಹೊಸಬನಿಗೆ ಬೆರಗು ಸಹಜ, ಹಂಬಲವೆಲ್ಲಿಂದ ಬಂದೀತು? ಗಾಳಿ, ಹೂ, ಹಾಡು, ಯಾವುದರ ನೆಪದಿಂದಲಾದರೂ ಮನಸ್ಸು ಅತ್ತಲೇ ಹರಿಯುವುದೆಂಬುದು ದೂರವಿರುವವನ ಮಾತೇ ಹೊರತು, ಆ ನಾಡಿನ ನಡುವೆ ನಿಂತವನದಲ್ಲ. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನ ಮತದಂತೆ ಇದು ದೋಷವೇ ಸರಿ. ಪಾಠ ಹೇಳುವವರು ಇದನ್ನು ಮೆಲ್ಲನೆ ದಾಟಿಸಿಬಿಡುವುದುಂಟು, ಅದು ತಕ್ಕುದಲ್ಲ.

ಕಾವ್ಯದಲ್ಲಿ ಅರ್ಜುನನೆಂದರೆ ಆಶ್ರಯದಾತನಾದ ಅರಿಕೇಸರಿ. ಈ ನಾಲ್ಕಾರು ಪದ್ಯಗಳಲ್ಲಿ ಮಾತ್ರ ಅವನು ಪಂಪನೇ ಆಗಿಬಿಟ್ಟಿದ್ದಾನೆ. ನಾಯಕನನ್ನು ಯಾತ್ರೆಗೆ ಕಳುಹಿಸಿ, ವೇಮುಲವಾಡದ ಆಸ್ಥಾನಕವಿ ತಾನೇ ಆ ದಾರಿ ಹಿಡಿದನು. ಪೂರ್ವಿಕರದು ವೆಂಗಿಮಂಡಲವೆಂದು ಅವನೇ ಹೇಳಿಕೊಂಡಿದ್ದಾನೆ. ಆದರೂ ಹಂಬಲವು ವೆಂಗಿಯತ್ತ ಹರಿಯಲಿಲ್ಲ. ವಂಶದ ನೆಲೆ ಒಂದೆಡೆ, ಅನ್ನದ ನೆಲೆ ಇನ್ನೊಂದೆಡೆ, ಮನಸ್ಸಿನದು ಮತ್ತೊಂದೆಡೆ! ಅರಸನ ಮುಂದೆ ಇದನ್ನು ಬಾಯಿಬಿಟ್ಟು ಹೇಳುವುದು ಸುಲಭವೇ? ಅರ್ಜುನನ ಮರೆ ಬೇಕಾಯಿತು.

ಅಲ್ಲಿ ಮನುಷ್ಯನಾಗಿ ಹುಟ್ಟಲಾಗದಿದ್ದರೆ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಿದರೂ ಸಾಕೆಂಬ ಬಯಕೆ ಸಾಮಂತಚೂಡಾಮಣಿಗೆ ಒಪ್ಪುವುದೇ? ಎಷ್ಟು ಮಾತ್ರಕ್ಕೂ ಒಪ್ಪದು. ಮನೆಯಿಂದ ದೂರ ಕುಳಿತು ಬರೆಯುತ್ತಿದ್ದವನಿಗೆ ಒಪ್ಪಿತು.