ಎರಡನೇ ಮಿಠಾಯಿ ಯಾರ ಕೈಲಿದೆ?

ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ, ಶಿಕ್ಷಕರ ತರಬೇತಿಗಳಲ್ಲಿ ಒಂದು ಕಥೆ ಓಡಾಡುತ್ತಿದೆ. ಮಗುವಿನ ಮುಂದೆ ಒಂದು ಮಿಠಾಯಿ ಇಡ್ತಾರೆ. ಈಗಲೇ ತಿಂದರೆ ಒಂದು, ನಾನು ಬರೋ ತನಕ ಕಾದರೆ ಎರಡು ಅಂತ ಹೇಳಿ ದೊಡ್ಡವರು ಹೊರಗೆ ಹೋಗ್ತಾರೆ. ಕಾದ ಮಗು ಮುಂದೆ ಉದ್ಧಾರವಾಯ್ತು, ತಿಂದ ಮಗು ಹಿಂದೆ ಬಿತ್ತು. ಕೊನೆಗೆ ‘ತಾಳಿದವನು ಬಾಳಿಯಾನು’ ಅಂತ ಒಂದು ಗಾದೆ, ಚಪ್ಪಾಳೆ.

ಈ ಕಥೆಯನ್ನು ಒಂದು ಕೃತಿಯಂತೆ ಕೂತು ಓದಬೇಕೆಂದು ನಮಗನಿಸುತ್ತದೆ. ಬಡವರ ಮಕ್ಕಳು ಯಾಕೆ ಓದೋದಿಲ್ಲ ಎಂಬ ಪ್ರಶ್ನೆಗೆ ಇದು ಗುಟ್ಟಾಗಿ ಉತ್ತರ ಕೊಡುತ್ತದೆ: ಅವರಿಗೆ ಸಂಯಮವಿಲ್ಲ.

ಕಥೆ ಹುಟ್ಟಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ. ವಾಲ್ಟರ್ ಮಿಷೆಲ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದ ಕೊನೆಯಲ್ಲಿ ಈ ಪ್ರಯೋಗ ಶುರುಮಾಡಿದರು. ಅಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯದವರ ಮಕ್ಕಳೇ. ಕಾದ ಮಕ್ಕಳು ಮುಂದೆ ಹೆಚ್ಚು ಅಂಕ ತೆಗೆದರೆಂಬ ಪ್ರಬಂಧ 1990ರಲ್ಲಿ ಬಂತು. ಮಿಷೆಲ್ ಇದನ್ನು ಹಣೆಬರಹ ಅಂದವರಲ್ಲ, ಕಾಯುವುದನ್ನು ಕಲಿಸಬಹುದು ಅಂದವರು. ಹಣೆಬರಹ ಮಾಡಿದ್ದು ಭಾಷಣಕಾರರು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು ನೋಡಿದರು. ಮನೆಯ ಸ್ಥಿತಿಗತಿಯನ್ನೂ ಮಗುವಿನ ಮೊದಲ ಕಲಿಕೆಯನ್ನೂ ಲೆಕ್ಕಕ್ಕೆ ಹಿಡಿದದ್ದೇ ತಡ, ಮಿಠಾಯಿಯ ಮಹಿಮೆ ಬಹುಮಟ್ಟಿಗೆ ಕರಗಿಹೋಯಿತು. ಈ ಮುಂದಿನ ಅಧ್ಯಾಯವನ್ನು ತರಬೇತಿಗಳಲ್ಲಿ ಯಾರೂ ಓದೋದಿಲ್ಲ.

ಇನ್ನೊಂದು ಪ್ರಯೋಗ 2013ರದ್ದು, ಸೆಲೆಸ್ಟ್ ಕಿಡ್ ಮತ್ತು ಗೆಳೆಯರದ್ದು. ಮಿಠಾಯಿಗೆ ಮೊದಲೇ 14 ಮಕ್ಕಳಿಗೆ ಹೊಸ ಬಣ್ಣದ ಕಡ್ಡಿ ತರ್ತೀವಿ ಅಂತ ಹೇಳಿ ಬರಿಗೈಲಿ ಬಂದರು. ಉಳಿದ 14 ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಮಾತು ಉಳಿಸಿಕೊಂಡಲ್ಲಿ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದಲ್ಲಿ 3 ನಿಮಿಷ. ಹಾಗಾದರೆ ಪರೀಕ್ಷೆ ಆದದ್ದು ಮಗುವಿನ ಸಂಯಮವೋ, ದೊಡ್ಡವರ ನಾಲಿಗೆಯೋ?

ಈ ಪ್ರಶ್ನೆ ಹಿಡಿದು ಹೊನ್ನಾವರದ ಕಾಸರಕೋಡಿಗೆ ಬನ್ನಿ. ಶರಾವತಿ ಕಡಲು ಸೇರುವಲ್ಲಿ ಇರುವ ಟೊಂಕಕ್ಕೆ. ಇಲ್ಲಿನ ಹೆಂಗಸರು ಬಿಸಿಲು ಇರುವ ತನಕ ಮೀನಿಗೆ ಉಪ್ಪು ಹಾಕಿ ಮರಳ ಮೇಲೆ ಒಣಗಿಸ್ತಾರೆ. ಕಾಗೆ ಓಡಿಸ್ತಾ, ಮಗುಚಿ ಹಾಕ್ತಾ, ಮಳೆಗಾಲಕ್ಕೆಂದು ಕಟ್ಟಿಡ್ತಾರೆ. ಇವತ್ತಿನ ಮೀನನ್ನು ಇವತ್ತೇ ತಿನ್ನದೆ ಜೂನ್ ತನಕ ಕಾಯೋದು ಸಂಯಮವಲ್ಲದೆ ಮತ್ತೇನು? ಊರಿಗೆ ಊರೇ ಕೂತು ಬರೆಯೋ ಪರೀಕ್ಷೆ ಅದು. ಅಂಕ ಕೊಡುವವರು ಯಾರೂ ಇಲ್ಲ.

ಹೀಗೆ ಕಾದವರಿಗೆ ಸಿಕ್ಕಿದ್ದೇನು? 2010ರಲ್ಲಿ ಸರಕಾರ ಈ ದಂಡೆಯ ನೆಲವನ್ನು ಖಾಸಗಿ ಬಂದರು ಕಂಪನಿಗೆ ಗುತ್ತಿಗೆ ಕೊಟ್ಟಿತು. ಮೀನು ಒಣಗಿಸೋ ಮರಳಿಗೇ ಕುತ್ತು ಬಂತು. ಬಂದರಿನ ರಸ್ತೆಗೆ ಅಡ್ಡ ನಿಂತ ಹೆಂಗಸರನ್ನು 2022ರ ಜನವರಿಯಲ್ಲಿ ಪೊಲೀಸರು ಹಿಡಿದೊಯ್ದರು. ಇದೇ ಕಾಸರಕೋಡಿನ ಇನ್ನೊಂದು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂದಿತ್ತು, ಅದು ಬೇರೆ ಮಾತು. ಬಾವುಟ ನೋಡಿ ಹೊಟ್ಟೆ ತುಂಬೋದಿಲ್ಲ. ದೊಡ್ಡವರ ಮಾತು ಅಂದ್ರೇನು ಅಂತ ಟೊಂಕದ ಮಗು ಕಲಿಯೋದು ಇದನ್ನೆಲ್ಲ ನೋಡಿ.

ಶಾಲೆಯ ಪಂಚಾಂಗವನ್ನೂ ನೋಡಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಹಾಕಬೇಕು, ಸರಿ, ನಮ್ಮದೇನೂ ತಕರಾರಿಲ್ಲ. ಆದರೆ ಶಾಲೆಯ ಬಾಗಿಲು ತೆರೆಯೋದೂ ಅದೇ ಹೊತ್ತಿಗೆ. ನೋಟ್‌ಬುಕ್ಕು, ಕೊಡೆ, ಚೀಲ, ಶುಲ್ಕ ಎಲ್ಲ ಕೈ ಬರಿದಾದ ತಿಂಗಳಲ್ಲೇ. ದುಡ್ಡು ಆಗಸ್ಟಿಗೆ ತರ್ತೇನೆ ಅನ್ನುವ ಮಗುವನ್ನು ಶಿಸ್ತಿಲ್ಲದ್ದು ಅಂತ ಎದ್ದು ನಿಲ್ಲಿಸ್ತಾರೆ. ಕಾಯಲಾರದ್ದು ಇಲ್ಲಿ ಮಗುವಲ್ಲ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ, ಬೇಡ ಅಂದ ಮಠಾಧೀಶರು ಇದ್ದರು. ಮೊಟ್ಟೆ ಬೇಕೇ ಬೇಕು ಅಂತ ಗಂಗಾವತಿಯ ಹುಡುಗಿಯರು ದನಿಯೆತ್ತಿದರು. ಆ ಹುಡುಗಿಯರು ಕಾದು ಕೂತಿದ್ದರೆ ತಟ್ಟೆಗೆ ಏನು ಬೀಳುತ್ತಿತ್ತು?

ನಮ್ಮ ಮನೆಗಳಲ್ಲಿ ಮೊದಲು ಪದವಿ ಹಿಡಿದವರು ನಾವು. ನಮ್ಮನ್ನು ತೋರಿಸಿ ‘ನೋಡಿ, ಕಾದರು, ಗೆದ್ದರು’ ಅನ್ನುವವರೂ ಇದ್ದಾರೆ. ನಾವು ಕಾದದ್ದು ನಿಜ. ವಿದ್ಯಾರ್ಥಿವೇತನಕ್ಕೆ ಕಚೇರಿಯೊಂದರ ಮುಂದೆ ಒಂದು ವರ್ಷ ಕಾದೆವು. ಅದು ಬಂದದ್ದು ಪರೀಕ್ಷೆ ಮುಗಿದ ಮೇಲೆ. ಪರೀಕ್ಷೆಯ ಶುಲ್ಕ ಕಟ್ಟುವ ಕೊನೇ ತಾರೀಕು ಮಾತ್ರ ನಮಗಾಗಿ ಒಂದು ದಿನವೂ ಕಾಯಲಿಲ್ಲ. ಅವ್ವನ ಮೂಗುತಿ ಅಡವಿಟ್ಟು ದಂಡ ಸೇರಿಸಿ ಕಟ್ಟಿದೆವು.