ನಾಗಿಯ ದುಡಿಮೆ, ಗುಲಾಬಿಯ ನೋಟ

ಕನ್ನಡದ ಹೊಸ ಅಲೆಯ ಸಿನಿಮಾವನ್ನು ನಾವು ನಿರ್ದೇಶಕರ ಹೆಸರು ಹಿಡಿದೇ ಓದಿಕೊಂಡು ಬಂದಿದ್ದೇವೆ. ಪಟ್ಟಾಭಿರಾಮ ರೆಡ್ಡಿ, ಕಾರ್ನಾಡ, ಕಾರಂತ, ಕಾಸರವಳ್ಳಿ ಎಂದು ಪಟ್ಟಿ ಸಾಗುತ್ತದೆ. ಆ ಚಿತ್ರಗಳ ನೋವನ್ನೂ ಪ್ರತಿಭಟನೆಯನ್ನೂ ಹೊತ್ತ ನಟಿಯರ ಮಾತು ಕೊನೆಗೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಈ ಪರಂಪರೆಯ ದೊಡ್ಡ ಸಾಧನೆ, ದೊಡ್ಡ ಕೊರತೆ ಎರಡೂ ಇರುವುದು ಅಲ್ಲಿಯೇ.

ಸೊರಬ, ಶಿಕಾರಿಪುರದವರಿಗೆ ಇದು ದೂರದ ಸಂಗತಿಯಲ್ಲ. ನೆರೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಮೂಲಕ ಜಗತ್ತಿನ ಒಳ್ಳೆಯ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿದರು. ಸಾಗರದ ನಾ. ಡಿಸೋಜ ಅಣೆಕಟ್ಟಿನಿಂದಾದ ಮುಳುಗಡೆಯ ಬದುಕನ್ನು ಕಾದಂಬರಿಗೆ ತಂದರು. ಅವರ ‘ದ್ವೀಪ’ವನ್ನು 2002ರಲ್ಲಿ ಚಿತ್ರವಾಗಿಸಿದವರು ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿ.

‘ದ್ವೀಪ’ದ ನಾಗಿಯಾಗಿ ಸೌಂದರ್ಯ ಮಾಡಿದ್ದನ್ನು ಗಮನಿಸಿ. ತೆಲುಗಿನ ಜನಪ್ರಿಯ ತಾರೆಯಾಗಿದ್ದವರು ಇಲ್ಲಿ ದುಡಿಯುವ ಹೆಣ್ಣು. ನೀರು ಏರುತ್ತಿರುವ ಮನೆಯಲ್ಲಿ ಅವರ ಕೈ ಸುಮ್ಮನಿರುವುದಿಲ್ಲ. ಪಾತ್ರದ ಮನಸ್ಸು ಮಾತಿಗಿಂತ ಮೊದಲು ಕೆಲಸದ ವೇಗದಲ್ಲಿ ತಿಳಿಯುತ್ತದೆ. ಅವಳ ಹೋರಾಟದಿಂದ ಉಳಿದ ಬದುಕಿನ ಶ್ರೇಯವನ್ನು ಗಂಡ ದೈವಕ್ಕೆ ಒಪ್ಪಿಸಿದಾಗ ಆ ಮುಖದ ಮೇಲೆ ಸುಳಿಯುವ ನಿರಾಸೆಯೇ ಇಡೀ ಚಿತ್ರದ ತಿರುಳು. ಚಿತ್ರಕ್ಕೆ ಸ್ವರ್ಣಕಮಲ ಬಂತು. ಅದರ ನಿರ್ಮಾಪಕಿಯೂ ಸೌಂದರ್ಯ ಅವರೇ. 2004ರ ಏಪ್ರಿಲ್‌ನಲ್ಲಿ ವಿಮಾನ ದುರಂತ ಅವರನ್ನು ಕಿತ್ತುಕೊಂಡಿತು.

ಇಂಥ ಅಭಿನಯಕ್ಕೆ ಹಿಂದಿನ ದಾರಿಯಿತ್ತು. ‘ಸಂಸ್ಕಾರ’ದ (1970) ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಸೇರಿ, ಹದಗೆಟ್ಟ ಆರೋಗ್ಯದೊಂದಿಗೆ ಹೊರಬಂದು 1977ರ ಜನವರಿಯಲ್ಲಿ ತೀರಿಕೊಂಡರು. ‘ಕಾಡು’ (1973) ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ‘ಘಟಶ್ರಾದ್ಧ’ದಲ್ಲಿ (1977) ಮೀನಾ ಕುಟ್ಟಪ್ಪ ಯಮುನೆಯ ಒಂಟಿತನವನ್ನು ಅಳುವಿನ ಆಸರೆಯಿಲ್ಲದೆ ಕಟ್ಟಿದರು. ಹಾಡು, ಕುಣಿತ, ಉದ್ದುದ್ದ ಸಂಭಾಷಣೆಯಿಂದ ಬಿಡುಗಡೆ ಪಡೆದ ನಟಿ ಮೌನವನ್ನೇ ಅಭಿನಯವಾಗಿಸಿದ್ದು ಹೊಸ ಅಲೆಯ ಕೊಡುಗೆ.

ಆದರೆ ಅದೇ ಮೌನ ಮುಂದೆ ಅಭ್ಯಾಸವಾಯಿತು. ಹೆಣ್ಣೆಂದರೆ ನರಳುವವಳು, ಬಹಿಷ್ಕಾರಕ್ಕೆ ಒಳಗಾದವಳು. ಅವಳ ಸಂಕಟವನ್ನು ನೋಡುವ ಕಣ್ಣು ಮಾತ್ರ ಬೇರೆಯವರದು. ‘ಘಟಶ್ರಾದ್ಧ’ದಲ್ಲಿ ಆ ಕಣ್ಣು ಬಾಲಕ ನಾಣಿಯದು. ಇನ್ನೂ ಕಠಿಣ ಸತ್ಯವೆಂದರೆ, ಈ ಶಾಲೆ ಶ್ರೇಷ್ಠ ಪಾತ್ರಗಳನ್ನು ಕೊಟ್ಟಿತು, ನಟಿಯರಿಗೆ ವೃತ್ತಿಬದುಕನ್ನು ಕೊಡಲಿಲ್ಲ. ನಂದಿನಿಯವರ ನಂತರ ಕನ್ನಡ ಚಿತ್ರವೊಂದಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬರಲು 2004ರ ‘ಹಸೀನಾ’ದವರೆಗೆ, ಅಂದರೆ 31 ವರ್ಷ ಕಾಯಬೇಕಾಯಿತು. ಬಾನು ಮುಷ್ತಾಕ್ ಅವರ ಕಥೆಯ ಆ ಚಿತ್ರದಲ್ಲಿ ನ್ಯಾಯ ಕೇಳಿ ಹಟಹಿಡಿದು ಕೂರುವ ತಾಯಿಯಾದ ತಾರಾ ಬಂದದ್ದು ಜನಪ್ರಿಯ ಚಿತ್ರಗಳಿಂದ.

2008ರ ಸಾಲಿನ ಅದೇ ಪ್ರಶಸ್ತಿ ಪಡೆದ ಉಮಾಶ್ರೀ ರಂಗಭೂಮಿಯಲ್ಲಿ ಪಳಗಿದವರು, ‘ಒಡಲಾಳ’ದ ಸಾಕವ್ವನಾಗಿ ಹೆಸರು ಮಾಡಿದವರು. ಸಿನಿಮಾ ಅವರನ್ನು ಬಹುಕಾಲ ಹಾಸ್ಯಪಾತ್ರಗಳಲ್ಲೇ ದುಡಿಸಿಕೊಂಡಿತು. ವೈದೇಹಿಯವರ ಕಥೆಯ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯಾದಾಗ ಅವರು ಈ ಪರಂಪರೆಯ ಸಿದ್ಧ ಚೌಕಟ್ಟನ್ನು ಮುರಿದರು. ಗುಲಾಬಿಗೆ ದುಃಖವಿದೆ, ಜೊತೆಗೆ ಸಿನಿಮಾದ ಹುಚ್ಚಿದೆ, ಆಸೆಯಿದೆ, ಚೇಷ್ಟೆಯಿದೆ. ನೋಡಿಸಿಕೊಳ್ಳುತ್ತಿದ್ದ ಹೆಣ್ಣು ಇಲ್ಲಿ ತಾನೇ ನೋಡುವವಳಾದಳು. ನನ್ನ ಮಟ್ಟಿಗೆ ಹೊಸ ಅಲೆಯ ಅಭಿನಯ ತಲುಪಿದ ಎತ್ತರ ಇದೇ.

ನೋವಿನ ಜೊತೆ ಹೆಣ್ಣಿನ ಆಸೆಗೂ ಜಾಗ ಕೊಟ್ಟಾಗ ಈ ಶಾಲೆ ಗೆದ್ದಿದೆ, ಅವಳನ್ನು ಬರೀ ಸಂಕೇತವಾಗಿಸಿದಾಗ ಸೋತಿದೆ. ಸೊರಬ, ಶಿಕಾರಿಪುರದ ಕಾಲೇಜುಗಳು ‘ದ್ವೀಪ’ದಿಂದಲೇ ಶುರುಮಾಡಿ ಈ ಚಿತ್ರಗಳನ್ನು ಮಕ್ಕಳಿಗೆ ತೋರಿಸಲಿ. ಚರ್ಚೆ ಈ ಸಲ ನಟಿಯ ಹೆಸರಿನಿಂದ ಆರಂಭವಾಗಲಿ.